ಜಾರಿಗೆ ಬರುವ ತಾರೀಕು

ಅಜ್ಜಂಪುರದಲ್ಲಿ ಇಳಿದು ಶಿವಮೂರ್ತಪ್ಪನ ಮನೆ ಎಲ್ಲಿ ಅಂತ ಕೇಳಿದರೆ ಯಾರೂ ಥಟ್ಟನೆ ಹೇಳುತ್ತಿರಲಿಲ್ಲ. "ಯಾವ ಶಿವಮೂರ್ತಪ್ಪ, ತಾರೀಕು ಶಿವಮೂರ್ತಪ್ಪನಾ?" ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಸ್ಟೇಷನ್ ರಸ್ತೆಯ ಕಡೆ ಕೈ ತೋರಿಸುತ್ತಿದ್ದರು. ಆಸಾಮಿ ಬೀರೂರು ಜಂಕ್ಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಮೂವತ್ತೆರಡು ವರ್ಷ ಕೂತು, ಯಾವ ಗಾಡಿ ಎಷ್ಟು ಹೊತ್ತಿಗೆ ಅಂತ ಹೇಳಿ ಹೇಳಿ ಗಂಟಲು ಸವೆಸಿಕೊಂಡು ನಿವೃತ್ತನಾದವನು. ಮನೆಯಲ್ಲಿ ಅವನು ತಾರೀಕು ಬರೆಯದ ವಸ್ತು ಇರಲಿಲ್ಲ. ಉಪ್ಪಿನಕಾಯಿ ಜಾಡಿಗೆ ತಾರೀಕು, ಹೊಸ ಪೊರಕೆಯ ಹಿಡಿಗೆ ತಾರೀಕು, ಕೊಡೆಯ ಬಟ್ಟೆಯ ಒಳಮೈಗೆ ತಾರೀಕು. "ನನ್ನ ಬೆನ್ನ ಮೇಲೊಂದು ಬರ್ದಿಲ್ಲ ನೋಡಿ, ಅದೊಂದು ಪುಣ್ಯ," ಅಂತ ಹೆಂಡತಿ ಮಲ್ಲಿಕಾಂಬ ಬೀದಿ ನಲ್ಲಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ನಗುವಂಥದ್ದೇ. ಆದರೆ ಆ ಹುಚ್ಚು ಅವನಿಗೆ ಹಿಡಿದದ್ದು ಎಪ್ಪತ್ತಮೂರನೇ ಇಸವಿಯಲ್ಲಿ, ಮತ್ತು ಹಿಡಿದ ಕಾರಣ ನಗುವಂಥದ್ದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ನೀವೂ ಊರಿನವರ ಹಾಗೆ ಬರೀ ನಕ್ಕು ಎದ್ದುಹೋಗುತ್ತೀರಿ.

ಆ ವರ್ಷ ಅಕ್ಟೋಬರ್ ಕೊನೆಗೆ ಅವನ ತಾಯಿ ಹಾಸಿಗೆ ಹಿಡಿದಳು. ಅಣ್ಣ ಪಂಚಾಕ್ಷರಪ್ಪ ಇದ್ದದ್ದು ತರೀಕೆರೆಯಲ್ಲಿ, ಹಿಟ್ಟಿನ ಗಿರಣಿ ಇಟ್ಟುಕೊಂಡು. ಶಿವಮೂರ್ತಪ್ಪ ಅವನಿಗೆ ಒಂದು ಕಾರ್ಡು ಬರೆದ: 'ಅವ್ವನಿಗೆ ಹುಷಾರಿಲ್ಲ, ಒಂದನೇ ತಾರೀಕು ಹೊರಟು ಬಾ. ಬೀರೂರಲ್ಲಿ ನಮ್ಮ ಕಡೆ ಗಾಡಿ ಎರಡೂ ಹತ್ತಕ್ಕೆ.' ನವೆಂಬರ್ ಒಂದರಿಂದ ರೈಲ್ವೆಯವರ ಹೊಸ ವೇಳಾಪಟ್ಟಿ ಜಾರಿಗೆ ಬರುತ್ತದೆ, ಎರಡೂ ಹತ್ತರ ಗಾಡಿ ಒಂದೂ ಇಪ್ಪತ್ತಕ್ಕೇ ಹೊರಟುಹೋಗುತ್ತದೆ ಅನ್ನುವುದು ಸ್ಟೇಷನ್ನಿನ ಕಾಫಿ ಮಾರುವವನಿಗೂ ಗೊತ್ತಿತ್ತು. ವಿಚಾರಣೆ ಕಿಟಕಿಯ ಶಿವಮೂರ್ತಪ್ಪನಿಗೂ ಗೊತ್ತಿತ್ತು. ಅವ್ವನ ಗಾಬರಿಯಲ್ಲಿ ಮರೆತುಬಿಟ್ಟ, ಅಷ್ಟೆ.

ಪಂಚಾಕ್ಷರಪ್ಪ ಒಂದೂ ಮುಕ್ಕಾಲಿಗೆ ಬೀರೂರಲ್ಲಿ ಇಳಿದ. ತಮ್ಮ ರಜೆ ಹಾಕಿ ಅಜ್ಜಂಪುರದಲ್ಲಿ ಅವ್ವನ ಪಕ್ಕ ಇದ್ದ. ತಮ್ಮನೇ ರೈಲ್ವೆಯಲ್ಲಿರುವಾಗ ಬೋರ್ಡು ನೋಡುವುದೇನು ಅಂತ ಕಾರ್ಡು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತ. ಎರಡೂ ಹತ್ತಾಯಿತು, ಮೂರಾಯಿತು. ಗಾಡಿ ತಡ ಇರಬೇಕು ಅಂದುಕೊಂಡು ಯಾರನ್ನೂ ಕೇಳದೆ ಐದು ಗಂಟೆಯವರೆಗೆ, ಹೊರಟುಹೋಗಿದ್ದ ಗಾಡಿಗೆ ಕಾದ. ಅವ್ವ ನಾಲ್ಕೂವರೆಗೆ ತೀರಿಕೊಂಡಿದ್ದಳು.

"ರೈಲ್ವೆ ಅನ್ನ ತಿನ್ನೋನು ನೀನು. ನಿನ್ನ ಕಾಗದ ನಂಬಿ ಕೂತೆ ಕಣೋ," ಅಂದ ಅಣ್ಣ. ಮಣ್ಣು ಮುಗಿಸಿಕೊಂಡು ಹೋದವನು ಹದಿನಾಲ್ಕು ವರ್ಷ ಮಾತಾಡಲಿಲ್ಲ. ನೆಂಟರ ಮದುವೆಗಳಲ್ಲಿ ತಮ್ಮ ಕೂತ ಪಂಕ್ತಿ ಬಿಟ್ಟು ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದ. ಕಾಗದದ ಮೇಲೆ ತಾರೀಕು ಸರಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಶಿವಮೂರ್ತಪ್ಪನಿಗೆ ಗೊತ್ತಿದ್ದಷ್ಟು ಆ ಸೀಮೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಇಂಥವನ ಮನೆಗೆ ಎಂಬತ್ತೇಳರ ಬೇಸಿಗೆಯಲ್ಲಿ ಕಂಪ್ಯೂಟರ್ ಬಂತು.

ಬೆಂಗಳೂರಿನ ಹಳೇ ಸಹೋದ್ಯೋಗಿಯೊಬ್ಬರು ತಮಗೆ ಬೇಡವಾದದ್ದನ್ನು ದಾಟಿಸಿದ್ದರು. ಬರೀ ಕೀಲಿಗಳ ಒಂದು ಹಲಗೆ. ಅದನ್ನು ಟೀವಿಗೆ ಸಿಕ್ಕಿಸಬೇಕು, ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನಿಂದ ಒಳಗೆ ಕಳಿಸಬೇಕು. ಒಳಗೆ ಹೋಗುವಾಗ ಟೇಪು ಕಿರುಚುವ ಕಿರುಚಾಟಕ್ಕೆ ಪಕ್ಕದ ಮನೆ ಹಾಲಮ್ಮ ವಿಭೂತಿ ಹಿಡಿದುಕೊಂಡು ಓಡಿ ಬಂದಳು. "ಯಾರಿಗೆ ದೆವ್ವ ಬಿಡಿಸ್ತಾ ಇದೀರಿ? ಮಲ್ಲಿಕಾಂಬಂಗಾ?" ಅಂದಳು. ಜೊತೆಗೆ ಒಂದು ಪುಟ್ಟ ಮುದ್ರಣ ಯಂತ್ರವೂ ಇತ್ತು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ.

ಆಗ ಎಲ್ಲ ಕಡೆ ಕಂಪ್ಯೂಟರ್ ಜಾತಕದ ಹುಚ್ಚು. ಶಿವಮೂರ್ತಪ್ಪ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂದ ಪ್ರೋಗ್ರಾಮನ್ನು ಒಂದೊಂದೇ ಅಕ್ಷರ ಕುಟ್ಟಿ ಜಾತಕ ಬರೆಯುವುದನ್ನು ಯಂತ್ರಕ್ಕೆ ಕಲಿಸಿದ. ಅದು ಕಲಿತದ್ದು ಅಷ್ಟಕ್ಕಷ್ಟೆ. ಒಂದು ತಪ್ಪು ತಿದ್ದಿದರೆ ಎರಡು ಏಳುತ್ತಿದ್ದವು. ಹಾಲಮ್ಮನಿಗೆ ಇನ್ನೂರ ನಾಲ್ಕು ವರ್ಷ ಅಂದಿತು. ಶಾಲೆ ಬಿಟ್ಟು ವಿಶ್ರಾಂತಿಯಲ್ಲಿದ್ದ ಬೆನಕಪ್ಪ ಮೇಷ್ಟ್ರು ಇನ್ನೂ ಹುಟ್ಟಿಲ್ಲ, ಮುಂದಿನ ಮಾಘದಲ್ಲಿ ಹುಟ್ಟುತ್ತಾರೆ ಅಂದಿತು. ಪ್ರತಿಸಲ ತಿದ್ದಿದಾಗಲೂ ಅವನು ಅದಕ್ಕೊಂದು ನಂಬರು ಕೊಟ್ಟ: ಒಂದು, ಎರಡು, ಮೂರು. ತಿಂಗಳಲ್ಲಿ ನಲವತ್ತೇಳಾಯಿತು. ಯಾವ ನಂಬರಿನಲ್ಲಿ ಯಾವ ತಪ್ಪಿತ್ತು ಅನ್ನುವುದು ಅವನಿಗೇ ಮರೆತುಹೋಗಿ, ಒಂದು ದಿನ ಮೇಷ್ಟ್ರು ಮತ್ತೆ ಹುಟ್ಟದೆ ಹೋದರು.

ನಂಬರಿನ ಪ್ರಶ್ನೆ ಜಗಲಿಗೆ ಬಂತು. ತಾರೀಕಿನ ಪ್ರಕಾರವೇ ನಂಬರು ಇರಬೇಕು ಅನ್ನುವುದು ನಿಶ್ಚಯವಾಗಿತ್ತು; ಯಾವ ತಾರೀಕು ಅನ್ನುವುದರ ಮೇಲೆ ಜಗಳ.

"ಸಂವತ್ಸರ ಹಾಕ್ರಿ," ಅಂದರು ಬೆನಕಪ್ಪ ಮೇಷ್ಟ್ರು. "ಈಗ ಪ್ರಭವ. ಪ್ರಭವ, ಶ್ರಾವಣ ಬಹುಳ ದಶಮಿ. ಕೇಳೋಕೂ ಲಕ್ಷಣವಾಗಿರ್ತದೆ."

"ಅರವತ್ತು ವರ್ಷಕ್ಕೆ ಪ್ರಭವ ಮತ್ತೆ ಬತ್ತದಲ್ಲ ಮೇಷ್ಟ್ರೇ. ಆಗ ಇದು ಯಾವ ಪ್ರಭವದ್ದು ಅಂತ ಗೊಂದಲ ಆಗಲ್ವಾ?" ಅಂದ ಶಿವಮೂರ್ತಪ್ಪ.

"ಅಷ್ಟೊತ್ತಿಗೆ ನೀವೂ ಇರಲ್ಲ, ನಾನೂ ಇರಲ್ಲ, ಆ ಟೀವಿನೂ ಇರಲ್ಲ ಬಿಡ್ರಿ."

ಎದುರಿನ ಟೈಲರ್ ಖಾಸಿಂ ಸಾಬರು ಬಾಯಲ್ಲಿ ಸೂಜಿ ಕಚ್ಚಿಕೊಂಡೇ, "ನಮ್ದು ಹಿಜರಿ ಸಾಲು ಹಾಕಿ. ಸಾವಿರದ ನಾನೂರು ಆಗೈತೆ. ಹಳೇ ಕಂಪನಿ ಅಂತ ಜನಕ್ಕೆ ಭರವಸೆ ಬತ್ತದೆ," ಅಂದರು. ಚೌಳಹಿರಿಯೂರಿನ ರೈತ ಗಿರಿಯಪ್ಪ ಈರುಳ್ಳಿ ತೂಕಕ್ಕೆ ಹಾಕಿ ಬಂದು ಕೂತಿದ್ದವನು ಇವರ ಅಜ್ಞಾನಕ್ಕೆ ಮರುಗಿದ. "ತಾರೀಕು ಯಾರಿಗೆ ಗೊತ್ತಾಯ್ತದೆ ಸ್ವಾಮೀ? ಮಳೆ ಹೆಸರು ಹಾಕಿ. ಮಗೆ ಮಳೆ, ಎರಡನೇ ಪಾದ. ಎಂಥ ದಡ್ಡನಿಗೂ ತಿಳೀತದೆ."

ಶಿವಮೂರ್ತಪ್ಪ ಎಲ್ಲರ ಮಾತನ್ನೂ ಗಂಭೀರವಾಗಿ ಕೇಳಿ ಕೊನೆಗೆ ರೈಲ್ವೆ ಪದ್ಧತಿಯೇ ಪದ್ಧತಿ ಅಂತ ತೀರ್ಮಾನಿಸಿದ. ವೇಳಾಪಟ್ಟಿಯ ರಟ್ಟಿನ ಮೇಲೆ ಇರುವುದು ಅಚ್ಚಾದ ತಾರೀಕಲ್ಲ, ಜಾರಿಗೆ ಬರುವ ತಾರೀಕು. ತನ್ನ ಜಾತಕವೂ ತಿದ್ದುಪಡಿಯೆಲ್ಲ ಮುಗಿದು ನವೆಂಬರ್ ಒಂದಕ್ಕೆ ಪೂರ್ತಿ ಸರಿಹೋಗುತ್ತದೆ. ಆದ್ದರಿಂದ ಈಗಿನ ಆವೃತ್ತಿಯ ಹೆಸರು 1-11-87. ಇದರಲ್ಲಿ ಇನ್ನೊಂದು ಅನುಕೂಲವಿತ್ತು. ಅದಕ್ಕೆ ಮೊದಲು ತಪ್ಪು ಸಿಕ್ಕಿದರೆ ಅದು ತಪ್ಪಲ್ಲ, ಇನ್ನೂ ಜಾರಿಗೆ ಬಂದಿಲ್ಲ ಅಷ್ಟೆ. ನವೆಂಬರ್ ಒಂದನ್ನೇ ಯಾಕೆ ಆರಿಸಿದ ಅಂತ ಮಲ್ಲಿಕಾಂಬ ಒಬ್ಬಳೇ ಕೇಳಿಕೊಂಡಳು. ಗಂಡನನ್ನು ಕೇಳಲಿಲ್ಲ.

ಹಾಗೆ ಹಾಳೆಗಳು ಅಚ್ಚಾಗತೊಡಗಿದವು. ಮೇಲ್ತುದಿಯಲ್ಲಿ ಹೆಸರು, ಹುಟ್ಟಿದ ತಾರೀಕು. ನಡುವೆ ಇಂಗ್ಲಿಷಿನಲ್ಲಿ ಗ್ರಹಗಳ ಸಂತೆ. ಕೆಳತುದಿಯಲ್ಲಿ, ನಟ್ಟನಡುವೆ, ಆವೃತ್ತಿ ಅನ್ನುವುದಕ್ಕೆ ಒಂದು ಇಂಗ್ಲಿಷ್ ಮಾತು, ಅದರ ಮುಂದೆ 1-11-87. ಅಜ್ಜಂಪುರ, ಕಡೂರು, ತರೀಕೆರೆಯಿಂದ ಬಂದವರು ನಲವತ್ತೊಂದು ಮಂದಿ ಅದನ್ನು ಮಡಚಿಕೊಂಡು ಹೋದರು. ಇಂಗ್ಲಿಷ್ ಓದಲು ಬರುತ್ತಿದ್ದವರು ಕಡಿಮೆ. ಅಂಕಿ ಮಾತ್ರ ಎಲ್ಲರಿಗೂ ಬರುತ್ತಿತ್ತು.

ಸೆಪ್ಟೆಂಬರಿನಲ್ಲಿ ಗಿರಿಯಪ್ಪ ಒಂದು ಚೀಟಿ ತಂದ. "ತರೀಕೆರೇಲಿ ನನ್ನ ನೆಂಟರ ಮನೆ ಪಕ್ಕ ಗಿರಣಿ ಐತೆ. ಅದರ ಯಜಮಾನ್ರದ್ದೊಂದು ಮಾಡ್ಕೊಡಿ. ನನ್ನ ಹೆಸರು ಹೇಳಬೇಡ ಅಂದವ್ರೆ," ಅಂತ ಹೇಳಿ, ಚೀಟಿ ಕೊಟ್ಟ. ಚೀಟಿಯಲ್ಲಿ ಹೆಸರು ಬರೆದಿತ್ತು. ಶಿವಮೂರ್ತಪ್ಪ ಅಣ್ಣನ ಅಕ್ಷರ ಗುರುತು ಹಿಡಿದ. ಆಮೇಲೆ ಹೊಸ ರಿಬ್ಬನ್ ಹಾಕಿ, ಇದ್ದುದರಲ್ಲಿ ಬಿಳುಪಾದ ಕಾಗದ ಆರಿಸಿ, ಎರಡು ಸಲ ತಾಳೆ ನೋಡಿ ಹಾಳೆ ಕಳಿಸಿದ.

ದಸರೆ ಕಳೆದ ಮೂರನೇ ದಿನ ಸ್ಟೇಷನ್ನಿನ ಜಟಕಾ ಮನೆ ಮುಂದೆ ನಿಂತು, ಅದರಿಂದ ಪಂಚಾಕ್ಷರಪ್ಪ ಇಳಿದ. ಕಂಕುಳಲ್ಲಿ ಟವೆಲು ಸುತ್ತಿದ ಹಲಗೆಯಂಥದ್ದು ಏನೋ ಇತ್ತು.

"ಶಿವಾ," ಅಂದ.

ಹದಿನಾಲ್ಕು ವರ್ಷದ ಮೇಲೆ ಆ ಬಾಯಿಂದ ಆ ಹೆಸರು. ಬನ್ನಿ ಅಂದವಳು ಮಲ್ಲಿಕಾಂಬ.

"ಹಳೇದೆಲ್ಲ ಬಿಟ್ಟಿದೀನಿ ಕಣೋ," ಅಂದ ಪಂಚಾಕ್ಷರಪ್ಪ, ಕಾಲಿಗೆ ನೀರು ಹಾಕಿಕೊಳ್ಳುತ್ತಾ. "ನೀನು ಬೇಕಂತ ಮಾಡ್ಲಿಲ್ಲ ಅನ್ನೋದು ನಂಗವತ್ತೂ ಗೊತ್ತಿತ್ತು. ಸಿಟ್ಟು ಇಳಿಸೋಕೆ ಒಂದು ಜಾಗ ಬೇಕಿತ್ತು, ನೀನು ಸಿಕ್ದೆ. ಈಗ ನಂಗೆ ಜಾಸ್ತಿ ದಿನ ಇಲ್ಲ. ಇರೋಷ್ಟು ದಿನ ಇಲ್ಲೇ ಇರ್ತೀನಿ. ನಿಂಗೇನಾದ್ರೂ ತೊಂದರೇನಾ?"

ಶಿವಮೂರ್ತಪ್ಪ ಗೋಡೆ ಹಿಡಿದುಕೊಂಡು ಅತ್ತ. ಅಣ್ಣನಿಗೆ ದೊಡ್ಡ ಕಾಯಿಲೆ, ಡಾಕ್ಟರು ಕೈಬಿಟ್ಟಿದ್ದಾರೆ ಅಂದುಕೊಂಡ. ಊಟ ಆಯಿತು. ಅಣ್ಣ ಮೂರು ಸಲ ಮುದ್ದೆ ಹಾಕಿಸಿಕೊಂಡು ಉಂಡದ್ದು ನೋಡಿ, ಇದೆಂಥ ಕಾಯಿಲೆ ಅಂತ ಮಲ್ಲಿಕಾಂಬಳಿಗೆ ಸ್ವಲ್ಪ ಅನುಮಾನ ಬಂತು. ಊಟವಾದ ಮೇಲೆ ಪಂಚಾಕ್ಷರಪ್ಪ ಟವೆಲು ಬಿಚ್ಚಿದ. ಒಳಗಿದ್ದದ್ದು ಗಾಜು ಹಾಕಿಸಿದ ಅವನದೇ ಫೋಟೋ, ಪೇಟ ಕಟ್ಟಿಕೊಂಡು, ಹಾರ ಹಾಕಲು ಮೊಳೆಯ ಸಮೇತ.

"ಸತ್ತ ಮೇಲೆ ಮನೆಯವರ ಕೈಗೆ ಬಿಟ್ರೆ ಯಾವುದೋ ಮದುವೇಲಿ ಬಾಯಿ ಬಿಟ್ಕೊಂಡು ನಿಂತಿರೋ ಫೋಟೋ ಹುಡುಕಿ ಹಾಕ್ತಾರೆ. ಅದಕ್ಕೆ ನಾನೇ ತೆಗೆಸ್ದೆ. ಪೇಂಟರ್ ಮಹಬೂಬ್ ಸಾಬ್ ತಾರೀಕು ಬರ್ದ. ಅಕ್ಷರ ಏನು ಬರೀಲಿ ಅಂತ ಕೇಳ್ದ. ಅಕ್ಷರ ಯಾಕೆ, ಮೇಲಿಂದು ಏನು ಕೆಳಗಿಂದು ಏನು ಅಂತ ನೋಡೋರಿಗೆ ಗೊತ್ತಾಗಲ್ವಾ ಅಂದೆ."

ಫೋಟೋದ ಮೇಲೆ 7-4-24. ಕೆಳಗೆ 1-11-87.

ಶಿವಮೂರ್ತಪ್ಪ ಅದನ್ನು ನೋಡಿದ. "ಅಣ್ಣಾ, ಆ ತಾರೀಕು..." ಅಂದ.

"ನಿನ್ನ ತಪ್ಪಿಲ್ಲ ಬಿಡೋ. ನೀನೇನ್ ಮಾಡೀಯ, ಮಿಷನ್ ಹೇಳಿದ್ದು. ಎಷ್ಟು ಜನಕ್ಕೆ ಹಿಂಗೆ ಮುಂಚೇನೇ ತಿಳೀತದೆ ಹೇಳು. ತಿಳಿದಿದ್ದಕ್ಕಲ್ವಾ ನಾನು ಬಂದಿದ್ದು," ಅಂದು ಪಂಚಾಕ್ಷರಪ್ಪ ಗೋಡೆಗೆ ಮೊಳೆ ಎಲ್ಲಿ ಹೊಡೆಯಬಹುದು ಅಂತ ನೋಡತೊಡಗಿದ. ಶಿವಮೂರ್ತಪ್ಪ ಹೇಳಬೇಕಾದ ಮಾತು ಬಿಟ್ಟು ಸುತ್ತಿಗೆ ತಂದುಕೊಟ್ಟ.

ಇತ್ತ ನಲ್ಲಿಯ ಹತ್ತಿರ ಬೇರೆಯೇ ರಾಮಾಯಣ ಶುರುವಾಗಿತ್ತು. ಹಾಲಮ್ಮ ತನ್ನ ಹಾಳೆಯ ಕೆಳಗಿನ ತಾರೀಕನ್ನು ಸಾಯುವ ದಿನ ಅಂತ ತಿಳಿದು ಗುಟ್ಟಾಗಿ ಇಟ್ಟುಕೊಂಡು, ಪುಣ್ಯಕ್ಕೆ ಅಂತ ಒರಳುಕಲ್ಲನ್ನು ಸೊಸೆಗೆ, ಹಾಲು ಕೊಡುವ ಎಮ್ಮೆಯನ್ನು ನಾದಿನಿಗೆ ಕೊಟ್ಟುಬಿಟ್ಟಿದ್ದಳು. ಆ ನಾದಿನಿಯ ಹಾಳೆಯಲ್ಲೂ ಅದೇ ತಾರೀಕು ಇರುವುದು ಕೊಡ ಇಳಿಸುವಾಗ ಬಯಲಿಗೆ ಬಂತು. ಸಂಜೆಯೊಳಗೆ ಅದೇ ತಾರೀಕಿನವರು ಏಳು ಮಂದಿ ಸಿಕ್ಕರು, ವಾರದೊಳಗೆ ಮೂವತ್ತು. ಇಷ್ಟು ಜನ ಒಂದೇ ದಿನ ಹೋಗುವುದಾದರೆ ಹೇಗೆ ಹೋಗುತ್ತಾರೆ ಅನ್ನುವುದು ಈಗ ಮೂರೂ ಊರಿನ ಚರ್ಚೆ. ಕಡೂರಿನವರು ಮದಗದ ಕೆರೆ ಒಡೆಯುತ್ತದೆ ಅಂದರು. ಅಜ್ಜಂಪುರದವರು ಎಲ್ಲರೂ ಒಂದೇ ರೈಲಿನಲ್ಲಿರುತ್ತಾರೆ ಅಂದರು. ತರೀಕೆರೆಯವರಿಗೆ ಅವತ್ತೊಂದು ದೊಡ್ಡ ಮದುವೆಯ ಊಟವಿತ್ತು, ಅವರು ಸಾಂಬಾರಿನ ಮೇಲೆ ಹಾಕಿದರು. ಹಾಳೆ ಮಾಡಿಸದ ಗಿರಿಯಪ್ಪ ಮಂಕಾಗಿಬಿಟ್ಟ. "ಊರೆಲ್ಲ ಹೋಯ್ತದೆ, ನಾನೊಬ್ನೇ ಉಳ್ಕೊಂಡು ಯಾರ ಜೊತೆ ಮಾತಾಡ್ಲಿ?" ಅಂತ ಖಾಸಿಂ ಸಾಬರ ಅಂಗಡಿಯಲ್ಲಿ ಕೂತು ಕೊರಗಿದ.

ಒಂದನೇ ತಾರೀಕಿಗೆ ಟಿಕೆಟ್ ಕೇಳುವವರೇ ಇಲ್ಲ ಅಂತ ಸ್ಟೇಷನ್ ಮಾಸ್ತರರು ಪೊಲೀಸರಿಗೆ ತಿಳಿಸಿದರು. ಸಬ್ ಇನ್ಸ್‌ಪೆಕ್ಟರ್ ನಂಜುಂಡಪ್ಪ ಶಿವಮೂರ್ತಪ್ಪನನ್ನು ಠಾಣೆಗೆ ಕರೆಸಿದರು. ಟೇಬಲ್ಲಿಗೆ ಲಾಠಿಯಲ್ಲಿ ಒಂದು ಏಟು ಹಾಕಿ, "ಏನ್ರೀ ಇದು, ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸ್ತಿದೀರಂತೆ," ಅಂತ ಗುಡುಗಿದರು. ಆಮೇಲೆ ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದು, ಜೇಬಿನಿಂದ ನಾಲ್ಕು ಮಡಿಕೆಯಾಗಿದ್ದ ತಮ್ಮ ಹಾಳೆಯನ್ನು ತೆಗೆದು ಮೆಲ್ಲಗೆ ಮುಂದಿಟ್ಟರು.

"ನಂದೂ ಅದೇ ತಾರೀಕು ಐತಲ್ರೀ. ಇದೇನಾದ್ರೂ ಒಂದೆರಡು ತಿಂಗಳು ಆ ಕಡೆ ಈ ಕಡೆ ಆಗ್ತದಾ? ಮಗಳ ಮದುವೆ ಗೊತ್ತಾಗೈತೆ ಕಣ್ರೀ," ಅಂದರು.

ಶಿವಮೂರ್ತಪ್ಪ ಆವೃತ್ತಿ ಅಂದರೇನು, ನಂಬರು ಯಾಕೆ, ವೇಳಾಪಟ್ಟಿಯ ರಟ್ಟು ಹೇಗಿರುತ್ತದೆ, ಎಲ್ಲ ವಿವರಿಸಿದ. ಇನ್ಸ್‌ಪೆಕ್ಟರು ಮೂರು ಸಲ ಹೇಳಿಸಿಕೊಂಡರು. ಮೂರನೇ ಸಲಕ್ಕೆ ಅವರ ಮುಖಕ್ಕೆ ರಕ್ತ ಬಂತು. ತಕ್ಷಣ ಬಾಗಿಲು ತೆಗೆದು, ಊರಲ್ಲಿ ಡಂಗುರ ಹೊಡೆಸಿ ಅಂತ ಆಜ್ಞೆ ಮಾಡಿದರು.

"ಸ್ವಾಮಿ, ನಮ್ಮ ಬೀದೀಲಿ ಮಾತ್ರ ಹೊಡೆಸಬೇಡಿ," ಅಂದ ಶಿವಮೂರ್ತಪ್ಪ. "ನಮ್ಮಣ್ಣ ಅವ್ನೆ ಮನೇಲಿ. ನಾನೇ ಹೇಳ್ತೀನಿ. ನಾಲ್ಕು ದಿನ ಟೈಮು ಕೊಡಿ."

ಯಾಕೆ ಅಂತ ಇನ್ಸ್‌ಪೆಕ್ಟರು ಕೇಳಿದರು. ಶಿವಮೂರ್ತಪ್ಪ ಎಪ್ಪತ್ತಮೂರರ ಕತೆಯನ್ನೂ ಹೇಳಿದ. ಸಾವಿನ ಬಾಯಿಂದ ಆಗಷ್ಟೇ ಹೊರಬಂದಿದ್ದ ನಂಜುಂಡಪ್ಪನವರ ಮನಸ್ಸು ಮೆತ್ತಗಾಗಿತ್ತು. ತಮಟೆಯವನು ಊರೆಲ್ಲ ಸುತ್ತಿ ಸ್ಟೇಷನ್ ರಸ್ತೆಯ ಮೂಲೆಗೆ ಬಂದವನೇ ತಮಟೆ ಕಂಕುಳಲ್ಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಆ ಬೀದಿಯನ್ನು ಮೌನವಾಗಿ ದಾಟಿ, ಆಚೆ ಮೂಲೆಯಲ್ಲಿ ಮತ್ತೆ ಶುರುಮಾಡಿದ.

ಡಂಗುರವಾದ ಮೇಲೆ ಊರಲ್ಲಿ ಸಮಾಧಾನ ಹುಟ್ಟಬೇಕಿತ್ತು, ಹುಟ್ಟಿದ್ದು ಜಗಳ. ಸಾಯುತ್ತೇವೆ ಅಂತ ಕೊಟ್ಟದ್ದನ್ನೆಲ್ಲ ಜನ ವಾಪಸು ಕೇಳತೊಡಗಿದರು. "ಸಾಯೋಳು ಅಂತ ಕೊಟ್ಟೆ. ಸಾಯಲ್ಲ ಅಂದ್ಮೇಲೆ ಒರಳುಕಲ್ಲು ನಂದೇ ತಾನೆ?" ಅಂತ ಹಾಲಮ್ಮ ಸೊಸೆಯ ಅಡುಗೆಮನೆಗೆ ನುಗ್ಗಿ ಕಲ್ಲನ್ನು ಉರುಳಿಸಿಕೊಂಡೇ ಬಂದಳು. ಎಮ್ಮೆಯ ವ್ಯಾಜ್ಯ ಪಂಚಾಯಿತಿಗೆ ಹೋಯಿತು.

ಶಿವಮೂರ್ತಪ್ಪ ಇದನ್ನು ಕಿಟಕಿಯಿಂದ ನೋಡಿದ. ಅಣ್ಣನೂ ಸಾಯುವವನು ಅಂತಲೇ ಅಲ್ಲವೇ ಒಂದು ಮಾತು ಕೊಟ್ಟದ್ದು? ಸಾಯುವುದಿಲ್ಲ ಅಂತ ಗೊತ್ತಾದರೆ ಅದನ್ನೂ ಹೀಗೆಯೇ ವಾಪಸು ತೆಗೆದುಕೊಂಡು ಹೋದರೆ?

"ಹೇಳ್ಬಿಡ್ರಿ," ಅನ್ನುತ್ತಿದ್ದಳು ಮಲ್ಲಿಕಾಂಬ ದಿನಾ.

"ಹಬ್ಬ ಕಳೀಲಿ ಕಣೇ."

ದೀಪಾವಳಿ ಕಳೆಯಿತು. ಅವನು ಹೇಳಲಿಲ್ಲ. ಆ ಇಪ್ಪತ್ತೇಳು ದಿನ ಅವನ ಆಯುಷ್ಯದಲ್ಲೇ ಹಾಲು ಸಕ್ಕರೆಯ ದಿನ. ಬೆಳಿಗ್ಗೆ ಇಬ್ಬರೂ ಒಂದೇ ಮಣೆಯ ಎದುರು ಕೂತು ಲಿಂಗಪೂಜೆ, ಸಂಜೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಗಾಡಿ ನೋಡುವುದು. ಊರಿಗೆ ಊರೇ ಗುಟ್ಟು ಕಾಯಿತು. ಬೆನಕಪ್ಪ ಮೇಷ್ಟ್ರು ಎದುರಾದರೆ ಮುಖ ಸಣ್ಣದು ಮಾಡಿ, "ಧೈರ್ಯವಾಗಿರಿ ಪಂಚಾಕ್ಷರಪ್ಪನೋರೇ, ನಾವೂ ಹಿಂದೇನೇ ಬತ್ತೀವಿ," ಅಂದು ಮೂಲೆ ತಿರುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದರು.

ಒಂದು ಸಂಜೆ ಆ ಬೆಂಚಿನ ಮೇಲೆ ಪಂಚಾಕ್ಷರಪ್ಪ ಕೇಳಿದ. "ಅವತ್ತು ಅವ್ವ ಕೊನೇಗೆ ಏನಂದ್ಲು?"

ಇದನ್ನು ಕೇಳಲು ಅವನಿಗೆ ಹದಿನಾಲ್ಕು ವರ್ಷ ಬೇಕಾಗಿತ್ತು.

"ಪಂಚಾಕ್ಷರಿ ಗಾಡಿ ಬಂತೇನೋ ಅಂತ ಕೇಳಿದ್ಲು. ಬಂತವ್ವಾ, ಸ್ಟೇಷನ್ನಿಂದ ನಡ್ಕೊಂಡು ಬತ್ತಾ ಅವ್ನೆ ಅಂದೆ. ಸರಿ ಹಂಗಾದ್ರೆ, ಕಾಲಿಗೆ ಬಿಸಿನೀರು ಇಡು ಅಂದ್ಲು. ಅಷ್ಟೆ."

ಪಂಚಾಕ್ಷರಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಗಾಡಿಯೊಂದು ಬಂದು ನಿಂತು ಹೊರಟಿತು. ಇಬ್ಬರೂ ಅದನ್ನು ನೋಡಲಿಲ್ಲ.

ನವೆಂಬರ್ ಒಂದು ಭಾನುವಾರ ಬಂತು. ಶಾಲೆಯ ಮಕ್ಕಳು ಕನ್ನಡ ಬಾವುಟ ಹಿಡಿದು ಬೀದಿಯಲ್ಲಿ ಹೋದರು. ಪಂಚಾಕ್ಷರಪ್ಪ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು ಪಡಸಾಲೆಯಲ್ಲಿ ತನ್ನದೇ ಫೋಟೋದ ಕೆಳಗೆ ಕೂತ. ಮಧ್ಯಾಹ್ನ ಕಳೆಯಿತು. ಹಾಲಮ್ಮ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ಎಮ್ಮೆ ವಾಪಸು ಬಂದ ಖುಷಿ ಮುಖದಲ್ಲಿ ಕಾಣದಂತೆ ಬಹಳ ಕಷ್ಟಪಟ್ಟಳು. ನಾಲ್ಕಾಯಿತು. ಐದಾಯಿತು. ಮಲ್ಲಿಕಾಂಬ ದೀಪ ಹಚ್ಚಿ ಗಂಡನ ಮುಖವನ್ನೇ ನೋಡುತ್ತಾ ನಿಂತಳು.

"ಗಾಡಿ ತಡ ಐತಲ್ಲೋ ಶಿವಾ," ಅಂದ ಪಂಚಾಕ್ಷರಪ್ಪ.

ಆ ಮಾತು ಕೇಳಿದ ಮೇಲೆ ಶಿವಮೂರ್ತಪ್ಪನಿಗೆ ತಡೆಯಲು ಆಗಲಿಲ್ಲ. ಬೀರೂರಿನ ಬೆಂಚಿನ ಮೇಲೆ, ಇದೇ ತಾರೀಕು, ಇವನು ಹೀಗೆಯೇ ಕೂತಿದ್ದನಲ್ಲ ಅನ್ನಿಸಿತು. ಅಣ್ಣನ ಕಾಲು ಹಿಡಿದುಕೊಂಡ. "ಆ ಗಾಡಿ ಬರಲ್ಲ ಕಣಣ್ಣಾ. ಅದು ನಿನ್ನ ತಾರೀಕಲ್ಲ. ಆ ಪ್ರೋಗ್ರಾಮಿಗೆ ನಾನಿಟ್ಟ ನಂಬರು. ಎಲ್ಲರ ಹಾಳೇಲೂ ಅದೇ ಐತೆ." ಒಂದೂ ಬಿಡದೆ ಎಲ್ಲವನ್ನೂ ಹೇಳಿದ.

ಪಂಚಾಕ್ಷರಪ್ಪ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಲ್ಲಾಡಿಸಲೂ ಇಲ್ಲ. "ಊರಿಗೆಲ್ಲ ಗೊತ್ತಾ?" ಅಂದ.

"ಗೊತ್ತು."

"ಯಾವತ್ತಿಂದ?"

"ಹದಿನೆಂಟು ದಿನ ಆಯ್ತು."

"ಎರಡು ಸಲ ಕಣೋ," ಅಂದ ಪಂಚಾಕ್ಷರಪ್ಪ. "ಅದೇ ತಾರೀಕು. ಬರದೇ ಇರೋ ಗಾಡಿಗೆ ಎರಡು ಸಲ ಕೂರಿಸ್ದೆ ನನ್ನ." ಎದ್ದು ಫೋಟೋವನ್ನು ಗೋಡೆಯಿಂದ ಇಳಿಸಿ ಟವೆಲಿನಲ್ಲಿ ಸುತ್ತಿದ. ಊಟ ಬೇಡ ಅಂದ.

ಬೆಳಗಿನ ಗಾಡಿಗೆ ಹೊರಟ. ಶಿವಮೂರ್ತಪ್ಪ ಹಿಂದೆ ಹಿಂದೆ ನಡೆದ. ಫೋಟೋ ಹಿಡಿದುಕೊಳ್ಳುತ್ತೇನೆ ಅಂದರೆ ಕೊಡಲಿಲ್ಲ. ಗಾಡಿ ಏರಿ ಕಿಟಕಿ ಪಕ್ಕ ಕೂತ ಮೇಲೆ ಪಂಚಾಕ್ಷರಪ್ಪ ಒಂದೇ ಒಂದು ಮಾತು ಕೇಳಿದ, ಮುಖ ಆ ಕಡೆ ಇಟ್ಟುಕೊಂಡೇ.

"ಜಾರಿಗೆ ಬರೋದು ಅಂದ್ರೆ ಏನೋ ಅದು?"

"ಬರ್ದಿರೋದು ಅವತ್ತಿಂದ ನಿಜ ಆಗೋದು ಅಣ್ಣಾ. ಮುಂಚೇನೇ ಬರ್ದಿದ್ರೂ ಅಲ್ಲೀತನಕ ಲೆಕ್ಕಕ್ಕಿಲ್ಲ. ಅವತ್ತಿಂದ ಮಾತ್ರ."

ಪಂಚಾಕ್ಷರಪ್ಪ ಫೋಟೋವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡ. ಗಾಡಿ ಹೊರಟಿತು.

ಆಮೇಲೆ ಶಿವಮೂರ್ತಪ್ಪ ಕಂಪ್ಯೂಟರಿನ ಮೇಲೆ ಹಳೇ ಪಂಚೆ ಹೊದಿಸಿದ. ಜಾತಕ ಕೇಳಿ ಬಂದವರಿಗೆ ಯಂತ್ರ ಕೆಟ್ಟಿದೆ ಅಂದ. ಅಣ್ಣನಿಗೆ ಮೂರು ಕಾರ್ಡು ಬರೆದ, ಮೂರಕ್ಕೂ ಮೇಲ್ಗಡೆ ತಾರೀಕು ಹಾಕಿದ, ಒಂದನ್ನೂ ಡಬ್ಬಿಗೆ ಹಾಕಲಿಲ್ಲ. ತನ್ನ ಕೈಯ ಕಾಗದ ಇನ್ನೊಂದು ಆ ಮನೆಗೆ ಹೋಗುವುದು ಬೇಡ ಅನ್ನಿಸುತ್ತಿತ್ತು. ಅತ್ತ ಕಡೆಯಿಂದಲೂ ಕಾಗದ ಬರಲಿಲ್ಲ. ಅಣ್ಣನ ಒರಳುಕಲ್ಲೂ ವಾಪಸು ಹೋಯಿತು ಅಂತ ಅವನು ತೀರ್ಮಾನಿಸಿಕೊಂಡ. ಸಂಕ್ರಾಂತಿ ಬಂತು, ಶಿವರಾತ್ರಿ ಬಂತು, ಯುಗಾದಿಯೂ ಬಂತು. ಹಬ್ಬದ ದಿನ ಎಲೆಯ ಮುಂದೆ ಕೂತು, "ಅವನಿಗೆ ಹೋಳಿಗೆ ಅಂದ್ರೆ ಪ್ರಾಣ," ಅಂದ. ಮಲ್ಲಿಕಾಂಬ, "ಹೋಗಿ ಕರ್ಕೊಂಡು ಬರಬಾರ್ದಾ?" ಅಂದಳು. ಹೋಗಲಿಲ್ಲ.

ಏಪ್ರಿಲಿನಲ್ಲಿ ಒಂದು ಸೋಮವಾರ ತಂತಿ ಬಂತು. ಪಂಚಾಕ್ಷರಪ್ಪ ಗಿರಣಿಯಲ್ಲಿ ರಾಗಿ ಚೀಲ ಇಳಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ತಂತಿ ಕೊಟ್ಟದ್ದು ಶನಿವಾರ, ನಡುವೆ ಭಾನುವಾರದ ರಜೆ. ಶಿವಮೂರ್ತಪ್ಪ ಬೀರೂರಿನಲ್ಲಿ ಇಳಿದು ಬೋರ್ಡು ನೋಡಿದ, ಕಿಟಕಿಯಲ್ಲಿ ಹೊಸದಾಗಿ ಬಂದಿದ್ದವನನ್ನು ಕೇಳಿದ, ಮತ್ತೆ ಬೋರ್ಡು ನೋಡಿದ. ಸರಿಯಾದ ಗಾಡಿಯನ್ನೇ ಹಿಡಿದು ತರೀಕೆರೆಗೆ ಹೋದ. ಅಣ್ಣನನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು.

ಅತ್ತಿಗೆ ಪ್ರೇಮಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಕಾಲಿಗೆ ನೀರು ಕೊಟ್ಟಳು. ಶಿವಮೂರ್ತಪ್ಪ ಒಳಗೆ ಬಂದು ತಲೆ ಎತ್ತಿದರೆ ಗೋಡೆಯ ಮೇಲೆ ಅದೇ ಫೋಟೋ. ಮೇಲೆ 7-4-24, ಕೆಳಗೆ 1-11-87. ಹೊಸ ಹಾರ.

"ಅತ್ತಿಗೇ, ಆ ಕೆಳಗಿನ ತಾರೀಕು ಅಳಿಸಿಲ್ವಾ?" ಅಂದ.

"ಏನ್ ಹೇಳ್ಲಿ ಶಿವಮೂರ್ತಿ. ಅಲ್ಲಿಂದ ಬಂದ ದಿನಾನೇ ಗೋಡೆಗೆ ಹಾಕ್ಕೊಂಡ್ರು. ಬದುಕಿರೋರ ಫೋಟೋಗೆ ಹಿಂಗೆ ತಾರೀಕು ಬರ್ಸಿ ನೇತಾಕ್ಕೊಂಡವ್ರೆ ಅಂತ ಗಿರಣಿಗೆ ಬಂದೋರೆಲ್ಲ ನಗೋರು. ಯುಗಾದಿಗೆ ಸುಣ್ಣ ಬಳಿಯೋವಾಗ ನಾನು, ಮಹಬೂಬ್ ಸಾಬರನ್ನ ಕರೆಸಿ ಅಳಿಸ್ತೀನಿ ಅಂದೆ. ಕೈ ಹಿಡ್ಕೊಂಡ್ರು. ಅದು ಸಾಯೋ ತಾರೀಕಲ್ಲ ಕಣೇ, ಜಾರಿಗೆ ಬಂದ ತಾರೀಕು ಅಂದ್ರು. ಏನು ಜಾರಿಗೆ ಬಂತು ಅಂದೆ. ಶಿವಂಗೆ ಗೊತ್ತು, ಅವನು ಬಂದಾಗ ಕೇಳು ಅಂದ್ರು. ದಿನಾ ಆ ಬಾಗಿಲ ಕಡೇನೇ ನೋಡೋರು. ಅವ್ನೇ ಬರ್ಲಿ, ನಾನು ಒಂದ್ಸಲ ಹೋಗ್ಬಂದಿದೀನಿ ಅನ್ನೋರು." ಪ್ರೇಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಈಗ ಸರಿಯಾದ ತಾರೀಕು ಬರೆಸ್ಬೇಕಲ್ಲಪ್ಪ. ನಾಳೆ ಮಹಬೂಬ್ ಸಾಬರು ಬತ್ತಾರೆ. ಏನಂತ ಬರೆಸ್ಲಿ, ನೀನೇ ಹೇಳು."

ಶಿವಮೂರ್ತಪ್ಪ ಫೋಟೋ ಮುಂದೆ ಹೋಗಿ ನಿಂತ. ಹಳೇದೆಲ್ಲ ಬಿಟ್ಟಿದೀನಿ ಅಂದ ಮಾತನ್ನು ಅಣ್ಣ ವಾಪಸು ತೆಗೆದುಕೊಂಡಿರಲಿಲ್ಲ. ಜೀವಮಾನದಲ್ಲಿ ಒಂದು ತಪ್ಪು ತಾರೀಕು ಕಂಡರೆ ನಿದ್ದೆ ಬಾರದವನು ಅವನು. ಹಾರ ಆ ಅಂಕಿಗಳ ಮೇಲೆ ಇಳಿಬಿದ್ದಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ, ಅಂಕಿ ಪೂರ್ತಿ ಕಾಣುವ ಹಾಗೆ ಮೇಲೆ ಸರಿಸಿದ.

"ಏನೂ ಬರೆಸ್ಬೇಡಿ ಅತ್ತಿಗೆ," ಅಂದ. "ತಾರೀಕು ಸರಿಯಾಗೇ ಐತೆ."

ಅಷ್ಟು ಹೇಳಿ ಅಣ್ಣ ಕೂರುತ್ತಿದ್ದ ಜಾಗದಲ್ಲಿ, ಬಾಗಿಲಿಗೆ ಮುಖ ಮಾಡಿ ಕೂತ. ಸಂಜೆಯ ಗಾಡಿ ಕೂಗು ಹಾಕಿಕೊಂಡು ಹೋಯಿತು. ಮುಂದಿನದು ಎಷ್ಟು ಹೊತ್ತಿಗೆ ಅಂತ ಅವನು ಅವತ್ತು ಯಾರನ್ನೂ ಕೇಳಲಿಲ್ಲ.